ಡಾಕ್ಟರ್ ಚೀಟಿ ಇದ್ದರೆ ಸರಿಯೇ? ಸೈಕಲ್ ರೇಸಿನಿಂದ ಒಂದು ವಿಜ್ಞಾನ ಪಾಠ

ಹತ್ತನೆಯ ತರಗತಿಯ ಹಾರ್ಮೋನುಗಳ ಪಾಠಕ್ಕೆ ನಾವು ಬರೆಯುವ ಪಾಠಯೋಜನೆಗಳಲ್ಲಿ ಕೊನೆಯ ಕಡೆ ‘ಮೌಲ್ಯ’ ಎಂದು ಒಂದು ಸಾಲು ಇರುತ್ತದೆ. ಈ ಸಲದ ಅಭ್ಯಾಸ ಬೋಧನೆಯಲ್ಲಿ ಸಹಪಾಠಿಗಳ ಪಾಠ ವೀಕ್ಷಿಸಲು ಹಿಂದಿನ ಬೆಂಚಿನಲ್ಲಿ ಕುಳಿತಾಗಲೆಲ್ಲ ಆ ಸಾಲಿನಲ್ಲಿ ನಾನು ಕಂಡ ಹೆಸರು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್. ಕ್ಯಾನ್ಸರ್ ಗೆದ್ದು ಬಂದ, 1999ರಿಂದ 2005ರವರೆಗೆ ಏಳು ಸಲ ಟೂರ್ ಡಿ ಫ್ರಾನ್ಸ್ ಗೆದ್ದ, 2012ರಲ್ಲಿ ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆಯ ವರದಿಯ ನಂತರ ಏಳೂ ಪ್ರಶಸ್ತಿಗಳನ್ನು ಕಳೆದುಕೊಂಡ. ಕಥೆ ಮುಗಿಯಿತು, ಗಂಟೆ ಹೊಡೆಯಿತು, ಮಕ್ಕಳು ‘ಮೋಸ ಮಾಡಬಾರದು’ ಎಂದು ಒಕ್ಕೊರಲಿನಿಂದ ಹೇಳಿದರು. ವೀಕ್ಷಣಾ ಪುಸ್ತಕದಲ್ಲಿ ನಾವೂ ‘ಮೌಲ್ಯ ಸಂಯೋಜನೆ ಉತ್ತಮವಾಗಿದೆ’ ಎಂದು ಬರೆದು ಸಹಿ ಹಾಕಿದೆವು.

ಈ ಉದಾಹರಣೆ ನಮ್ಮ ಕೆಲಸಕ್ಕೆ ಸಾಲದು ಎಂಬುದು ನನ್ನ ವಾದ. ಆರ್ಮ್‌ಸ್ಟ್ರಾಂಗ್ ತಪ್ಪು ಮಾಡಿದ್ದಾನೋ ಇಲ್ಲವೋ ಎಂದು ಕೇಳಿದರೆ ಯಾವ ಮಗುವೂ ತಲೆ ಕೆರೆದುಕೊಳ್ಳಬೇಕಿಲ್ಲ. ಯೋಚನೆಯೇ ಬೇಡದ ಪ್ರಶ್ನೆಯಿಂದ ಮೌಲ್ಯ ಹುಟ್ಟುವುದಿಲ್ಲ. ಸಿಕ್ಕಿಬಿದ್ದವನು ಕಳ್ಳ ಎಂಬ, ಮಕ್ಕಳಿಗೆ ಮೊದಲೇ ಗೊತ್ತಿರುವ ಮಾತು ಇನ್ನೊಮ್ಮೆ ಗಟ್ಟಿಯಾಗುತ್ತದೆ, ಅಷ್ಟೆ. ಹಾಗೆ ನೋಡಿದರೆ ಆರ್ಮ್‌ಸ್ಟ್ರಾಂಗ್ ಕಥೆಯಲ್ಲೂ ಪಾಠಕ್ಕೆ ಬೇಕಾದ ಭಾಗ ನಾವು ಬಿಟ್ಟುಬಿಡುವ ಭಾಗವೇ. 1999ರ ಟೂರ್‌ನಲ್ಲಿ ಅವನ ಮೂತ್ರದಲ್ಲಿ ಕಾರ್ಟಿಸೋನ್ ಜಾತಿಯ ಮದ್ದಿನ ಅಂಶ ಕಂಡಿತ್ತು. ಸೀಟಿನ ಉಜ್ಜಿಗೆ ಆದ ಹುಣ್ಣಿಗೆ ಹಚ್ಚಿದ ಮುಲಾಮು ಎಂದು ಹಿಂದಿನ ದಿನಾಂಕ ಹಾಕಿ ಒಂದು ವೈದ್ಯಚೀಟಿ ತಯಾರಾಯಿತು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ ಅದನ್ನು ಒಪ್ಪಿತು, ಆತ ಓಟ ಮುಂದುವರಿಸಿದ. ಅಂದರೆ ಏಳು ವರ್ಷಗಳ ಆ ದೊಡ್ಡ ಸುಳ್ಳಿನ ಬಾಗಿಲು ತೆರೆದದ್ದು ಒಂದು ಡಾಕ್ಟರ್ ಚೀಟಿ.

ಚೀಟಿ ಸುಳ್ಳಾಗಿದ್ದರೆ ಮಾತು ಸುಲಭ. ಚೀಟಿ ನಿಜವಾದದ್ದೇ ಆಗಿದ್ದರೆ? ಅದಕ್ಕೆ ಬ್ರಾಡ್ಲಿ ವಿಗಿನ್ಸ್ ಪ್ರಕರಣ ಬೇಕು. ನಮ್ಮ ಪಾಠಯೋಜನೆಗೆ ಬರಬೇಕಾದದ್ದು ಅದು ಎಂದು ನಾನು ಹೇಳುತ್ತಿದ್ದೇನೆ.

2012ರಲ್ಲಿ ವಿಗಿನ್ಸ್ ಟೂರ್ ಡಿ ಫ್ರಾನ್ಸ್ ಗೆದ್ದ ಮೊದಲ ಬ್ರಿಟಿಷ್ ಸವಾರನಾದ. ಅವನ ತಂಡ ಟೀಮ್ ಸ್ಕೈ. 2010ರಲ್ಲಿ ರಸ್ತೆಗಿಳಿಯುವಾಗಲೇ ‘ನಾವು ಶುದ್ಧವಾಗಿ ಗೆಲ್ಲುತ್ತೇವೆ’ ಎಂದು ಸಾರಿಕೊಂಡು ಬಂದ ತಂಡ. 2016ರ ಸೆಪ್ಟೆಂಬರಿನಲ್ಲಿ ಹ್ಯಾಕರ್‌ಗಳ ಗುಂಪೊಂದು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ, ಅಂದರೆ ವಾಡಾದ, ಕಡತಗಳನ್ನು ಕದ್ದು ಹೊರಹಾಕಿದಾಗ ಒಂದು ಸಂಗತಿ ಬಯಲಾಯಿತು. 2011 ಮತ್ತು 2012ರಲ್ಲಿ ಟೂರ್ ಶುರುವಾಗುವ ಕೆಲವೇ ದಿನ ಮೊದಲು, 2013ರಲ್ಲಿ ಇಟಲಿಯ ಜಿರೋ ಓಟಕ್ಕೆ ಮುಂಚೆ, ವಿಗಿನ್ಸ್‌ಗೆ ಟ್ರಯಾಮ್ಸಿನೊಲೋನ್ ಎಂಬ ಮದ್ದನ್ನು ಸ್ನಾಯುವಿಗೆ ಚುಚ್ಚಲು ಅನುಮತಿ ಸಿಕ್ಕಿತ್ತು. ಪ್ರತಿ ಸಲ 40 ಮಿಲಿಗ್ರಾಂ. ನಮ್ಮ ಔಷಧಿ ಅಂಗಡಿಗಳಲ್ಲಿ ಕೆನಾಕಾರ್ಟ್ ಹೆಸರಿನಲ್ಲಿ ಸಿಗುವ ಮದ್ದೇ ಅದು. ಕಾರಣವಾಗಿ ಬರೆದದ್ದು ಹೂವಿನ ಪರಾಗದ ಅಲರ್ಜಿ ಮತ್ತು ಅಸ್ತಮಾ.

ಯಾವ ನಿಯಮವೂ ಮುರಿಯಲಿಲ್ಲ. ಅರ್ಜಿ ಹಾಕಿದ್ದು ತಂಡದ ವೈದ್ಯ, ಒಪ್ಪಿದ್ದು ಯುಸಿಐ, ವಿಗಿನ್ಸ್ ಮೇಲೆ ಇಂದಿಗೂ ಯಾವ ಆರೋಪಪಟ್ಟಿಯೂ ಇಲ್ಲ. ಅಲರ್ಜಿ ಇದ್ದದ್ದು ನಿಜ, ಬೇಕಾಗಿದ್ದ ಚಿಕಿತ್ಸೆಯನ್ನೇ ಪಡೆದೆ ಎಂಬುದು ಅವನ ನಿಲುವು. ಆದರೂ 2018ರ ಮಾರ್ಚಿನಲ್ಲಿ ಬ್ರಿಟನ್ ಸಂಸತ್ತಿನ ಕ್ರೀಡಾ ವಿಷಯಗಳ ಸಮಿತಿಯು, ತಂಡ ತಾನೇ ಎಳೆದುಕೊಂಡ ನೈತಿಕ ಗೆರೆಯನ್ನು ದಾಟಿದೆ, ಮದ್ದನ್ನು ಕಾಯಿಲೆಗಷ್ಟೇ ಅಲ್ಲ, ಓಟಕ್ಕೆ ದೇಹ ಸಜ್ಜುಗೊಳಿಸಲು ಬಳಸಿದೆ ಎಂದು ವರದಿ ಕೊಟ್ಟಿತು. ತಂಡವೂ ವಿಗಿನ್ಸ್‌ನೂ ಅದನ್ನು ಬಲವಾಗಿ ಅಲ್ಲಗಳೆದರು.

ಈಗ ಹೇಳಿ, ಸಹ ಪ್ರಶಿಕ್ಷಣಾರ್ಥಿಗಳೇ, ಹತ್ತನೆಯ ತರಗತಿಯ ಮುಂದೆ ಇದನ್ನು ಇಟ್ಟರೆ ಒಕ್ಕೊರಲ ಉತ್ತರ ಬರುತ್ತದೆಯೇ?

ನನ್ನ ನಿಲುವನ್ನು ಮುಚ್ಚಿಡುವುದಿಲ್ಲ. ಸಮಿತಿಯ ಮಾತು ಹೆಚ್ಚುಪಾಲು ಸರಿ ಎಂದು ನನಗನ್ನಿಸುತ್ತದೆ. ಕಾರಣ ನಿಯಮದೊಳಗೇ ಇದೆ. ನಿಷೇಧಿತ ಮದ್ದನ್ನು ಚಿಕಿತ್ಸೆಗಾಗಿ ಬಳಸಲು ಕೊಡುವ ಈ ವಿನಾಯಿತಿಗೆ ಟಿಯುಇ ಎನ್ನುತ್ತಾರೆ. ರೋಗ ಇರುವುದು ವೈದ್ಯಕೀಯವಾಗಿ ಖಚಿತವಾಗಿರಬೇಕು. ಮದ್ದಿನಿಂದ ಆರೋಗ್ಯ ಸಹಜ ಸ್ಥಿತಿಗೆ ಮರಳಬೇಕೇ ಹೊರತು ಅದಕ್ಕಿಂತ ಹೆಚ್ಚಿನ ಲಾಭ ಆಗಬಾರದು. ನಿಷೇಧವಿಲ್ಲದ ಬೇರೆ ಸೂಕ್ತ ಚಿಕಿತ್ಸೆ ಇರಬಾರದು. ಪರಾಗದ ಅಲರ್ಜಿಗೆ ಮಾತ್ರೆ ಇದೆ, ಮೂಗಿಗೆ ಸ್ಪ್ರೇ ಇದೆ, ಅಸ್ತಮಾಕ್ಕೆ ಇನ್ಹೇಲರ್ ಇದೆ. ವಾರಗಟ್ಟಲೆ ದೇಹದಲ್ಲಿ ಉಳಿಯುವ ಚುಚ್ಚುಮದ್ದು ವರ್ಷದ ಅತಿ ದೊಡ್ಡ ಓಟದ ಹೊಸ್ತಿಲಲ್ಲೇ, ಮೂರು ವರ್ಷ ಸಾಲಾಗಿ, ಏಕೆ ಬೇಕಾಯಿತು ಎಂಬ ಪ್ರಶ್ನೆಗೆ ನನಗೆ ಒಪ್ಪುವಂಥ ಉತ್ತರ ಸಿಕ್ಕಿಲ್ಲ. ಉದ್ದೀಪನ ಮದ್ದು ಬಳಸಿ ಶಿಕ್ಷೆ ಅನುಭವಿಸಿ ಬಂದ ಮಾಜಿ ಸವಾರ ಡೇವಿಡ್ ಮಿಲ್ಲರ್ ಕೂಡ, ತಾನು ಬಳಸಿದ ಮದ್ದುಗಳಲ್ಲಿ ಇದರ ಪರಿಣಾಮ ಬಹಳ ತೀವ್ರವಾದದ್ದು, ಬೇಗ ಮೈ ಇಳಿಸುತ್ತದೆ ಎಂದು ಬಹಿರಂಗವಾಗಿ ಹೇಳಿದ್ದಾನೆ.

ಮೈ ಇಳಿದರೆ ಏನಾಗುತ್ತದೆ ಎಂಬುದಕ್ಕೆ ಒಂಬತ್ತನೆಯ ತರಗತಿಯ ‘ಕೆಲಸ ಮತ್ತು ಶಕ್ತಿ’ ಸಾಕು. ಸವಾರ ಮತ್ತು ಸೈಕಲ್ ಸೇರಿ 78 ಕೆ.ಜಿ. ಎಂದಿಟ್ಟುಕೊಳ್ಳಿ. 1000 ಮೀಟರ್ ಎತ್ತರದ ಘಟ್ಟ ಏರಬೇಕು. ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ 9.8, ಎತ್ತರ ಮೂರನ್ನೂ ಗುಣಿಸಿದರೆ 7,64,400 ಜೂಲ್ ಕೆಲಸ. ಕಾಲಿನ ಸಾಮರ್ಥ್ಯ 400 ವ್ಯಾಟ್ ಇದ್ದರೆ 1911 ಸೆಕೆಂಡ್ ಬೇಕು. ಸಾಮರ್ಥ್ಯ ಅಷ್ಟೇ ಇದ್ದು ತೂಕ ಮಾತ್ರ 2 ಕೆ.ಜಿ. ಕಡಿಮೆಯಾದರೆ 7,44,800 ಜೂಲ್, 1862 ಸೆಕೆಂಡ್. ಗಾಳಿಯ ತಡೆಯನ್ನೂ ಘರ್ಷಣೆಯನ್ನೂ ಬಿಟ್ಟು ಮಾಡಿದ ಲೆಕ್ಕ ಇದು. ಆದರೂ ಒಂದೇ ಘಟ್ಟದಲ್ಲಿ 49 ಸೆಕೆಂಡ್ ಉಳಿಯಿತು. 1989ರ ಟೂರ್ ಮೂರು ವಾರ ಓಡಿದ ಮೇಲೆ ತೀರ್ಮಾನವಾದದ್ದು 8 ಸೆಕೆಂಡಿನಲ್ಲಿ ಎಂದು ಹೇಳಿದಾಗ ನನ್ನ ತರಗತಿಯಲ್ಲಿ ಹಿಂದಿನ ಸಾಲಿನ ಹುಡುಗರೂ ತಲೆ ಎತ್ತಿದರು. ಸೂತ್ರವನ್ನು ಎಷ್ಟು ಸಲ ಬರೆಸಿದ್ದರೂ ಆ ಗಮನ ನನಗೆ ಸಿಕ್ಕಿರಲಿಲ್ಲ.

ನಾನು ಅಭ್ಯಾಸ ಬೋಧನೆ ಮಾಡಿದ್ದು ವಿಜಯಪುರ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ. ವಿಜಯಪುರ, ಬಾಗಲಕೋಟೆ ಕಡೆ ರೇಸ್ ಸೈಕಲ್ ಅಪರೂಪದ ವಸ್ತುವಲ್ಲ. ಕ್ರೀಡಾ ಹಾಸ್ಟೆಲ್ ಸೇರಬೇಕೆಂದು ಬೆಳಗಿನ ಜಾವ ಹೆದ್ದಾರಿಯಲ್ಲಿ ಪೆಡಲ್ ತುಳಿಯುವ ಮಕ್ಕಳು ಅಲ್ಲಿದ್ದಾರೆ. ಆದ್ದರಿಂದ ಅವರಿಗೆ ಇದು ಫ್ರಾನ್ಸಿನ ಕಥೆ ಮಾತ್ರ ಅಲ್ಲ. ಆದರೆ ಆ ದಿನ ಬಂದ ಮುಖ್ಯ ಪ್ರಶ್ನೆ ಸೈಕಲ್ ಹುಡುಗರದ್ದಲ್ಲ. ಕಿಟಕಿ ಪಕ್ಕ ಕೂರುವ, ಚಳಿಗಾಲದಲ್ಲಿ ಉಬ್ಬಸ ಬರುವ, ಚೀಲದಲ್ಲಿ ಯಾವಾಗಲೂ ನೀಲಿ ಇನ್ಹೇಲರ್ ಇಟ್ಟುಕೊಂಡಿರುವ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: “ಸರ್, ಹಂಗಾರ ನಾ ಪಂಪ್ ತಗೊಂಡು ಖೋ ಖೋ ಆಡಿದ್ರ ಅದೂ ಮೋಸ ಏನ್ರಿ?”

ಈ ಪ್ರಶ್ನೆಗಾಗಿಯೇ ಈ ಪಾಠ ಬೇಕು ಎನ್ನುತ್ತೇನೆ. ಆರ್ಮ್‌ಸ್ಟ್ರಾಂಗ್ ಕಥೆಯನ್ನಷ್ಟೇ ಹೇಳಿ ಬಂದರೆ ‘ಮದ್ದು ಎಂದರೆ ಮೋಸ’ ಎಂಬ ಸಮೀಕರಣ ಮಕ್ಕಳ ತಲೆಯಲ್ಲಿ ಕೂರುತ್ತದೆ. ಕಾಯಿಲೆ ಇರುವ ಮಗು ಅದನ್ನು ಮೌನವಾಗಿ ನುಂಗಿಕೊಳ್ಳುತ್ತದೆ. ನಾನು ಅವಳಿಗೆ ಹೇಳಿದ್ದು ಇಷ್ಟು: ನಿನ್ನ ಶ್ವಾಸನಾಳ ಬಿಗಿಯಾದಾಗ ಆ ಮದ್ದು ಅದನ್ನು ಸಡಿಲಿಸಿ, ಪಕ್ಕದವಳು ಹುಟ್ಟಿನಿಂದ ಪಡೆದ ಉಸಿರನ್ನು ನಿನಗೂ ಕೊಡುತ್ತದೆ; ನೀನು ಅವಳಿಗಿಂತ ಮುಂದೆ ಹೋಗುವುದಿಲ್ಲ, ಅವಳ ಸಾಲಿಗೆ ಬಂದು ನಿಲ್ಲುತ್ತೀ. ಸಾಲ್ಬುಟಮಾಲ್ ಇನ್ಹೇಲರನ್ನು ದಿನದ 24 ಗಂಟೆಯಲ್ಲಿ 1600 ಮೈಕ್ರೋಗ್ರಾಂವರೆಗೆ ಬಳಸಲು ವಾಡಾ ಚೀಟಿಯನ್ನೇ ಕೇಳುವುದಿಲ್ಲ. ಒಂದು ಪಂಪಿಗೆ 100 ಮೈಕ್ರೋಗ್ರಾಂ ಎಂದರೆ 16 ಸಲ. ಸಹಜ ಚಿಕಿತ್ಸೆಗೆ ಅದು ಬೇಕಾದಷ್ಟಾಯಿತು.

ನಮ್ಮ ವೃತ್ತಿಯಲ್ಲೂ ಇಂಥ ವಿನಾಯಿತಿ ಇದೆ. ದೃಷ್ಟಿದೋಷವಿರುವ ಮಗುವಿಗೆ ಪರೀಕ್ಷೆಯಲ್ಲಿ ಬರೆದುಕೊಡುವ ಸಹಾಯಕರು, ಹೆಚ್ಚುವರಿ ಸಮಯ. ಅದು ದಯೆಯಲ್ಲ, ಹಕ್ಕು. ಯಾರೋ ಒಬ್ಬರು ಅಗತ್ಯವಿಲ್ಲದೆ ಪ್ರಮಾಣಪತ್ರ ಮಾಡಿಸಿಕೊಂಡು ಆ ಸೌಲಭ್ಯ ಪಡೆದರೆ ಸೀಟು ಕಳೆದುಕೊಳ್ಳುವವನಿಗೆ ಮಾತ್ರ ನಷ್ಟವಲ್ಲ. ನಿಜವಾಗಿ ಅಗತ್ಯವಿರುವ ಮಗುವನ್ನೂ ಮರುದಿನದಿಂದ ಎಲ್ಲರೂ ಅನುಮಾನದಿಂದ ನೋಡುತ್ತಾರೆ. ಚೀಟಿಯ ದುರುಪಯೋಗ ನನಗೆ ಸಿರಿಂಜಿನ ಮೋಸಕ್ಕಿಂತ ಒಂದು ರೀತಿಯಲ್ಲಿ ಹೆಚ್ಚು ನೋವು ಕೊಡುವುದು ಇದಕ್ಕೇ. ಅದು ರೋಗಿಯ ನಂಬಿಕೆಯನ್ನು ಕದಿಯುತ್ತದೆ.

ಕ್ರಿಸ್ ಫ್ರೂಮ್ ಪ್ರಕರಣ ಈ ಅನುಮಾನ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಉದಾಹರಣೆ. 2017ರ ಸ್ಪೇನಿನ ವುವೆಲ್ಟಾ ಓಟದಲ್ಲಿ ಅವನ ಮೂತ್ರದಲ್ಲಿ ಸಾಲ್ಬುಟಮಾಲ್ ಪ್ರಮಾಣ ಮಿಲಿಲೀಟರಿಗೆ 2000 ನ್ಯಾನೋಗ್ರಾಂ ಇತ್ತು. ಮಿತಿ 1000. ಫ್ರೂಮ್ ಬಾಲ್ಯದಿಂದ ಅಸ್ತಮಾ ರೋಗಿ. ದೇಹದ ನೀರು ಕಡಿಮೆಯಾದಾಗ ಮೂತ್ರ ಗಟ್ಟಿಯಾಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದಾಗ ಸಂಖ್ಯೆ 1429ಕ್ಕೆ ಇಳಿಯಿತು. 2018ರ ಜುಲೈಯಲ್ಲಿ, ಟೂರ್ ಶುರುವಾಗಲು ಕೆಲವು ದಿನವಿದ್ದಾಗ, ಯುಸಿಐ ಪ್ರಕರಣ ಮುಚ್ಚಿತು. ಆದರೆ 2014ರ ಜಿರೋದಲ್ಲಿ 1900 ನ್ಯಾನೋಗ್ರಾಂ ಬಂದಿದ್ದ ಇಟಲಿಯ ಡಿಯೆಗೊ ಉಲಿಸ್ಸಿಗೆ ಒಂಬತ್ತು ತಿಂಗಳ ನಿಷೇಧ ಸಿಕ್ಕಿತ್ತು. ಇಬ್ಬರಲ್ಲಿ ಯಾರು ತಪ್ಪಿತಸ್ಥರು ಎಂದು ನಾನು ತೀರ್ಪು ಕೊಡುತ್ತಿಲ್ಲ. ದೊಡ್ಡ ತಂಡ ತನ್ನ ಸವಾರನಿಗಾಗಿ ಒಳ್ಳೆಯ ವಕೀಲರನ್ನೂ ತಜ್ಞರನ್ನೂ ನಿಲ್ಲಿಸಬಲ್ಲದು ಎಂಬುದನ್ನು ಮಾತ್ರ ಮಕ್ಕಳು ತಾವಾಗಿಯೇ ಕಂಡುಕೊಳ್ಳುತ್ತಾರೆ, ನಾವು ಹೇಳಿಕೊಡಬೇಕಿಲ್ಲ.

ಮಿತಿ ಹಾಕಿದರೆ ಸಮಸ್ಯೆ ಮುಗಿಯಿತು ಎಂದು ನಂಬುವವರಿಗೆ 1997 ನೆನಪಿಸಬೇಕು. ಮೂತ್ರಪಿಂಡ ಸ್ರವಿಸುವ ಎರಿತ್ರೊಪೊಯೆಟಿನ್, ಅಂದರೆ ಇಪಿಒ, ಅಸ್ಥಿಮಜ್ಜೆಗೆ ಕೆಂಪು ರಕ್ತಕಣ ಹೆಚ್ಚಿಸಲು ಸೂಚಿಸುತ್ತದೆ. ಅದನ್ನು ಕೃತಕವಾಗಿ ತಯಾರಿಸಿದ್ದು ಮೂತ್ರಪಿಂಡ ಕೆಟ್ಟ ರೋಗಿಗಳಿಗಾಗಿ. ಸವಾರರು ಅದನ್ನು ಹಿಡಿದುಕೊಂಡರು. ಆಗ ಇಪಿಒ ಪತ್ತೆಮಾಡುವ ಪರೀಕ್ಷೆಯೇ ಇರಲಿಲ್ಲ. ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇಕಡಾ 50 ಮೀರಿದರೆ ಪುರುಷ ಸವಾರ ‘ಆರೋಗ್ಯದ ಕಾರಣಕ್ಕೆ’ ಹದಿನೈದು ದಿನ ವಿಶ್ರಾಂತಿ ಪಡೆಯಬೇಕು ಎಂದು ಯುಸಿಐ ನಿಯಮ ತಂದಿತು. ಉದ್ದೇಶ ಒಳ್ಳೆಯದೇ. ಆದರೆ 43 ಇದ್ದವನು 49ಕ್ಕೆ ಏರುವುದಕ್ಕೆ ಆ ನಿಯಮ ಪರವಾನಗಿಯಂತಾಯಿತು. ತಂಡಗಳು ಚಿಕ್ಕ ಸೆಂಟ್ರಿಫ್ಯೂಜ್ ಯಂತ್ರಗಳನ್ನು ಜೊತೆಗಿಟ್ಟುಕೊಂಡು ತಿರುಗಿದವು. 1999ರಲ್ಲಿ ಜಿರೋ ಗೆಲುವು ಕೈಗೆಟುಕಿದ್ದಾಗ ಮಾರ್ಕೊ ಪಂಟಾನಿಯ ಸಂಖ್ಯೆ 52 ಬಂದು ಓಟದಿಂದ ಹೊರಬಿದ್ದ. ಗೆರೆ ಎಳೆದ ಕೂಡಲೇ ಗೆರೆಯೇ ಗುರಿಯಾಗುತ್ತದೆ ಎಂಬುದನ್ನು, ಹಾಜರಾತಿ ಶೇಕಡಾವಾರನ್ನು ಬೆರಳಲ್ಲಿ ಎಣಿಸಿಕೊಂಡು ರಜೆ ಹಾಕುವ ನಮಗೆ ಯಾರೂ ವಿವರಿಸಬೇಕಿಲ್ಲ. ಮೌಲ್ಯಮಾಪನ ಪಾಠದ ಹಿಂದಿನ ದಿನವೇ ಅದೇ ತರಗತಿಗೆ ಅದೇ ಪಾಠ ಒಪ್ಪಿಸಿ, ಮರುದಿನ ‘ಮಕ್ಕಳ ಸ್ಪಂದನೆ ಅದ್ಭುತ’ ಎನಿಸಿಕೊಳ್ಳುವ ಪದ್ಧತಿಯೂ ನಮ್ಮಲ್ಲಿ ಎಲ್ಲರೂ ಕೇಳಿದ್ದೇ. ಯಾವ ನಿಯಮದಲ್ಲೂ ಅದನ್ನು ಬೇಡವೆಂದು ಬರೆದಿಲ್ಲ.

ಗೆರೆಗಿಂತ ಒಳಗೆ ನಿಲ್ಲುವವರೂ ಇದ್ದಾರೆ, ಅದನ್ನೂ ಮಕ್ಕಳಿಗೆ ಹೇಳಬೇಕು. 2007ರಲ್ಲಿ ಕೆಲವು ತಂಡಗಳು ಸೇರಿ ಎಂಪಿಸಿಸಿ ಎಂಬ ಒಕ್ಕೂಟ ಕಟ್ಟಿಕೊಂಡವು. ಕಾರ್ಟಿಸೋನ್ ಜಾತಿಯ ಚಿಕಿತ್ಸೆ ಪಡೆದ ಸವಾರ ಚೀಟಿ ಇದ್ದರೂ ಕನಿಷ್ಠ ಎಂಟು ದಿನ ಓಟಕ್ಕಿಳಿಯಬಾರದು ಎಂಬುದು ಅವರು ತಾವೇ ಹಾಕಿಕೊಂಡ ಕಟ್ಟು. ಅಷ್ಟೊಂದು ಮದ್ದು ಬೇಕಾಗುವಷ್ಟು ಕಾಯಿಲೆ ಇದ್ದರೆ ಮನೆಯಲ್ಲಿ ಮಲಗಲಿ ಎಂಬ, ನಮ್ಮ ಅಜ್ಜಿಯರೂ ಒಪ್ಪುವ ತರ್ಕ. ರಕ್ತದ ಕಾರ್ಟಿಸಾಲ್ ತೀರ ಕಡಿಮೆ ಬಂದ ಸವಾರನನ್ನೂ ಅವರು ನಿಲ್ಲಿಸುತ್ತಾರೆ. ಏಕೆ ಕಡಿಮೆ ಬರುತ್ತದೆ? ಹೊರಗಿನಿಂದ ಸ್ಟೀರಾಯ್ಡ್ ಬಂದಾಗ ಪಿಟ್ಯುಟರಿ ‘ಸಾಕು’ ಎಂದು ಸುಮ್ಮನಾಗುತ್ತದೆ, ಅಡ್ರಿನಲ್ ಗ್ರಂಥಿ ಕೆಲಸ ನಿಲ್ಲಿಸುತ್ತದೆ. ಹಾರ್ಮೋನುಗಳ ಹಿಮ್ಮಾಹಿತಿ ನಿಯಂತ್ರಣಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಇದುವರೆಗೆ ಸಿಕ್ಕಿಲ್ಲ. ಟೀಮ್ ಸ್ಕೈ ಈ ಒಕ್ಕೂಟ ಸೇರಲಿಲ್ಲ.

ವೈದ್ಯರ ವಿಷಯಕ್ಕೆ ಬರುತ್ತೇನೆ. ಶಿಕ್ಷಕರಾಗುವ ನಮಗೆ ಅತಿ ಹತ್ತಿರದ ಭಾಗ ಅದೇ. 2011ರ ಜೂನಿನಲ್ಲಿ ಫ್ರಾನ್ಸಿನ ಡೋಫಿನೆ ಓಟದ ಕೊನೆಗೆ ಟೀಮ್ ಸ್ಕೈಗೆ ಇಂಗ್ಲೆಂಡಿನಿಂದ ಒಂದು ಲಕೋಟೆ ಬಂತು. ಅದರಲ್ಲಿದ್ದದ್ದು ಕಫ ಕರಗಿಸುವ ಸಾಮಾನ್ಯ ಔಷಧ ಎಂದು ತಂಡ ಹೇಳಿತು. ಬ್ರಿಟನ್ನಿನ ಉದ್ದೀಪನ ಮದ್ದು ತಡೆ ಸಂಸ್ಥೆ ತನಿಖೆ ಮಾಡಿತು. ಲಕೋಟೆಯಲ್ಲಿ ಏನಿತ್ತು ಎಂಬುದಕ್ಕೆ ಬರವಣಿಗೆಯ ಆಧಾರವೇ ಇರಲಿಲ್ಲ. ವೈದ್ಯ ರಿಚರ್ಡ್ ಫ್ರೀಮನ್ ದಾಖಲೆಗಳನ್ನು ಹಂಚಿಕೆಯ ಜಾಗಕ್ಕೆ ಏರಿಸಿರಲಿಲ್ಲ. ಅವರ ಲ್ಯಾಪ್‌ಟಾಪ್ 2014ರಲ್ಲಿ ಗ್ರೀಸ್ ಪ್ರವಾಸದಲ್ಲಿ ಕಳುವಾಯಿತು ಎಂಬುದು ಉತ್ತರ. 2017ರ ನವೆಂಬರಿನಲ್ಲಿ ಆರೋಪವಿಲ್ಲದೆ ತನಿಖೆ ಮುಗಿಯಿತು. ತಪ್ಪು ಸಾಬೀತಾಗಲಿಲ್ಲ, ತಪ್ಪಿಲ್ಲ ಎಂಬುದೂ ಸಾಬೀತಾಗಲಿಲ್ಲ. ಇದೇ ವೈದ್ಯರು 2011ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ವೆಲೋಡ್ರೋಮ್‌ಗೆ ಟೆಸ್ಟೋಸ್ಟಿರೋನ್ ಲೇಪದ 30 ಪೊಟ್ಟಣ ತರಿಸಿದ್ದರು. ಅದನ್ನು ಕ್ರೀಡಾಪಟುವೊಬ್ಬರ ಸಾಮರ್ಥ್ಯ ಹೆಚ್ಚಿಸಲು ಎಂದು ತಿಳಿದೇ ಅಥವಾ ನಂಬಿಯೇ ತರಿಸಿದರು ಎಂದು 2021ರ ಮಾರ್ಚಿನಲ್ಲಿ ವೈದ್ಯಕೀಯ ನ್ಯಾಯಮಂಡಳಿ ತೀರ್ಮಾನಿಸಿತು. ಅವರ ಹೆಸರು ವೈದ್ಯರ ಪಟ್ಟಿಯಿಂದ ಹೊರಹೋಯಿತು. ಯಾವ ಕ್ರೀಡಾಪಟು ಎಂಬುದು ಹೊರಬರಲೇ ಇಲ್ಲ.

ತಂಡದ ವೈದ್ಯನಿಗೆ ಸಂಬಳ ಕೊಡುವುದು ತಂಡ, ನಂಬಿ ಕೈ ಚಾಚುವವನು ರೋಗಿ. ಇಬ್ಬರ ಹಿತವೂ ಒಂದೇ ಆಗಿರುವವರೆಗೆ ತೊಂದರೆಯಿಲ್ಲ. ನಮಗೂ ಅಂಕ ಕೊಡುವವರು ಒಬ್ಬರು, ಕಲಿಯಬೇಕಾದವರು ಇನ್ನೊಬ್ಬರು. ಪಾಠದ ದಾಖಲೆ, ಘಟಕ ಪರೀಕ್ಷೆಯ ವಿಶ್ಲೇಷಣೆ, ಮಗುವಿನ ಪ್ರಗತಿ ಪತ್ರ ಇವನ್ನು ‘ಫೈಲ್ ತುಂಬಿಸುವ ಕೆಲಸ’ ಎಂದು ನಾವು ಗೊಣಗುತ್ತೇವೆ. ನಾನೂ ಗೊಣಗಿದವನೇ, ಫೈಲಿನ ಬಣ್ಣದ ಕಾಗದದ ಬಗ್ಗೆ ಈಗಲೂ ಗೊಣಗುತ್ತೇನೆ. ಆದರೆ ಫ್ರೀಮನ್ ಪ್ರಕರಣ ಓದಿದ ಮೇಲೆ ಬರೆದಿಡದ ಚಿಕಿತ್ಸೆಗೂ ಬರೆದಿಡದ ಮೌಲ್ಯಮಾಪನಕ್ಕೂ ಬಹಳ ವ್ಯತ್ಯಾಸ ಕಾಣುತ್ತಿಲ್ಲ.

ಈ ಪಾಠದ ಬಗ್ಗೆ ನಮ್ಮ ಮಾರ್ಗದರ್ಶಕರಿಗೆ ಎರಡು ಆಕ್ಷೇಪಗಳಿದ್ದವು. ಒಂದು, ನಲವತ್ತು ನಿಮಿಷದ ಅವಧಿಯಲ್ಲಿ ಇಷ್ಟೆಲ್ಲ ಹಿಡಿಸುವುದಿಲ್ಲ. ಅದು ನಿಜ. ಆದ್ದರಿಂದ ಒಂದು ಅವಧಿಗೆ ಒಂದೇ ಪ್ರಕರಣ ಸಾಕು. ಹಾರ್ಮೋನಿಗೆ ವಿಗಿನ್ಸ್, ಕೆಲಸ–ಶಕ್ತಿಗೆ ಘಟ್ಟದ ಲೆಕ್ಕ. ಎರಡನೆಯದು ಹೆಚ್ಚು ಗಂಭೀರ: “ಖಚಿತ ಉತ್ತರ ಇಲ್ಲದ ಪ್ರಶ್ನೆ ಕೊಟ್ಟರೆ, ಎಲ್ಲರೂ ಹಾಗೇ ಮಾಡುತ್ತಾರೆ ಎಂದು ಮಕ್ಕಳು ತಿಳಿದುಕೊಳ್ಳುವುದಿಲ್ಲವೇ?” ಗುರುಗಳ ಆತಂಕವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ನನ್ನ ತರಗತಿಯ ಮಕ್ಕಳು ಬಂದು ನಿಂತದ್ದು ಅಲ್ಲಿಗಲ್ಲ. ‘ಚೀಟಿ ಕೊಡುವ ಡಾಕ್ಟರ್ ತಂಡದವರೇ ಆಗಬಾರದು’ ಎಂದು ಒಬ್ಬ ಹುಡುಗ ಹೇಳಿದ. ‘ಚೀಟಿ ತಗೊಂಡವರ ಹೆಸರು ಮೊದಲೇ ಎಲ್ಲರಿಗೂ ಹೇಳಬೇಕು’ ಎಂದ ಇನ್ನೊಬ್ಬನಿಗೆ ಇನ್ಹೇಲರ್ ಹುಡುಗಿಯೇ ಎದುರಾಡಿದಳು: ತನ್ನ ಕಾಯಿಲೆ ಊರಿಗೆಲ್ಲ ಯಾಕೆ ಗೊತ್ತಾಗಬೇಕು? ಅವಳ ಮಾತಿಗೆ ತರಗತಿಯಲ್ಲಿ ಯಾರ ಹತ್ತಿರವೂ ಉತ್ತರವಿರಲಿಲ್ಲ. ಕ್ರೀಡಾ ಆಡಳಿತಗಾರರೂ ವರ್ಷಗಳಿಂದ ಅದೇ ಜಾಗದಲ್ಲಿ ಜಗ್ಗಾಡುತ್ತಿದ್ದಾರೆ.

ಮುಂದಿನ ಹಂತದ ಬೋಧನೆಗೆ ನಾನು ಆರಿಸಿಕೊಂಡಿರುವುದು ಹಿಮೋಗ್ಲೋಬಿನ್. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಬಾರದು, ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ ಎಂದು ನಾವೆಲ್ಲ ಕಲಿಸುತ್ತೇವೆ. ಅದೇ ಅನಿಲವನ್ನು ಅಳತೆಯಲ್ಲಿ ಉಸಿರಾಡಿಸಿ ದೇಹದ ಒಟ್ಟು ಹಿಮೋಗ್ಲೋಬಿನ್ ಅಳೆಯುವ ಉಪಕರಣವನ್ನು ಕೆಲವು ದೊಡ್ಡ ತಂಡಗಳು ಬಳಸುತ್ತಿವೆ ಎಂದು 2024ರ ಟೂರ್ ವೇಳೆ ಸುದ್ದಿಯಾಯಿತು. ಅಳೆಯಲು ಮಾತ್ರ ಎಂದು ತಂಡಗಳು ಹೇಳಿದವು. ಪದೇ ಪದೇ ಉಸಿರಾಡಿದರೆ ದೇಹ ಕೆಂಪು ಕಣ ಹೆಚ್ಚಿಸಿಕೊಳ್ಳಬಹುದು ಎಂಬ ಅನುಮಾನ ಉಳಿಯಿತು. 2025ರ ಫೆಬ್ರವರಿ 10ರಿಂದ ವೈದ್ಯಕೀಯ ಕೇಂದ್ರಗಳ ಹೊರಗೆ ಅದನ್ನು ಇಟ್ಟುಕೊಳ್ಳುವುದನ್ನು ಯುಸಿಐ ನಿಷೇಧಿಸಿತು. ಕಪ್ಪುಹಲಗೆಯ ಮೇಲೆ ಆ ದಿನಾಂಕ ಬರೆದು, ಫೆಬ್ರವರಿ 9ರಂದು ಅದು ತಪ್ಪಾಗಿತ್ತೋ ಇಲ್ಲವೋ ಎಂದು ತರಗತಿಯನ್ನು ಎರಡು ಗುಂಪು ಮಾಡಿ ಕೇಳಬೇಕೆಂದಿದ್ದೇನೆ. ಪಾಠಯೋಜನೆಯ ‘ನಿರೀಕ್ಷಿತ ಉತ್ತರ’ ಎಂಬ ಕಾಲಂ ಸದ್ಯಕ್ಕೆ ಖಾಲಿ ಇದೆ. ಹಾಗೇ ಸಲ್ಲಿಸಬಹುದೇ ಎಂದು ಮಾರ್ಗದರ್ಶಕರನ್ನು ಕೇಳಿದ್ದೇನೆ. ‘ಗುರುವಾರ ತೋರಿಸು, ನೋಡೋಣ’ ಎಂದಿದ್ದಾರೆ.